ಖಾಲಿ ತೂಕ

ಇಪ್ಪತ್ತಮೂರನೇ ತಾರೀಖು. ಅನ್ನ ಅರ್ಧ ಬೆಂದಿತ್ತು.
ನೀಲಿ ಉರಿ ಒಮ್ಮೆ ಹಳದಿಯಾಗಿ, ಬಿಕ್ಕಳಿಸಿ
ಬರ್ನರಿನ ಹಲ್ಲುಗಳೊಳಗೆ ಹೊಕ್ಕು ಕೂತಿತು.
ಸಿಲಿಂಡರನ್ನು ಮಲಗಿಸಿದೆ, ಉರುಳಿಸಿದೆ, ಬೈದೆ.
ಬುಡಕ್ಕೆ ಬಿಸಿನೀರು ಹೊಯ್ದರೆ ಇನ್ನೆರಡು ನಿಮಿಷ ಉರಿಯುತ್ತದಂತೆ.
ನೀರು ಕಾಯಿಸಲು ಬೆಂಕಿ ಬೇಕಲ್ಲ.
ಪಾತ್ರೆಯೊಳಗೆ ಕುಚಲಕ್ಕಿ
ಗಂಜಿಯೂ ಆಗದೆ ಅನ್ನವೂ ಆಗದೆ ನನ್ನ ಮುಖ ನೋಡಿತು.

ಬುಕ್ ಮಾಡಬಹುದು. ಫೋನಿನಲ್ಲಿ ಒಂದು ಒತ್ತಿದರೆ ಸಾಕು,
ಆ ಹೆಣ್ಣುದನಿ ಎಷ್ಟು ವಿನಯದಿಂದ ಮಾತಾಡುತ್ತದೆ!
ಹೊತ್ತು ತರುವ ಹುಡುಗನಿಗೆ ಕೊಡಬೇಕಾದ ನೋಟುಗಳು ಮಾತ್ರ
ಸದ್ಯ ಊರು ಸುತ್ತುತ್ತಿವೆ:
ಮಂಗಳವಾರ ಸಂಘದ ಕಂತಿಗೆ ಹೋದವು,
ಸ್ವಪ್ನಾಲಿಯ ಶಾಲೆಯ ವ್ಯಾನು ಹತ್ತಿದವು,
ಉಲ್ಲಾಸ ಓಡಿಸುವ, ಉಲ್ಲಾಸನದಲ್ಲದ ರಿಕ್ಷಾಕ್ಕೆ
ದಿನಬಾಡಿಗೆಯಾಗಿ ಸಂಜೆ ಸಂಜೆ ಇಳಿದವು.
ಆ ರಿಕ್ಷಾ ಕೋಡಿಬಾಗದ ಸ್ಟ್ಯಾಂಡಿನಲ್ಲಿ
ನಿಂತು ನಿಂತೇ ಹಳತಾಗುತ್ತಿದೆ.

ನಾನು ಬೈತಕೋಲದಲ್ಲಿ, ಐಸ್ ಫ್ಯಾಕ್ಟರಿಯ ಹಿಂದೆ
ಮೀನು ವಿಂಗಡಿಸುತ್ತೇನೆ.
ಇಸವಾಣ ಗೋವೆಗೆ, ಸಿಗಡಿ ಅದಕ್ಕೂ ದೂರಕ್ಕೆ,
ಹೊಟ್ಟೆಯೊಡೆದ ತಾರ್ಲೆ ನಮಗೆ.
ಬೆರಳ ತುದಿಗಳು ಐಸಿನಲ್ಲಿ ಸತ್ತು
ನೋಟು ಒಂದೋ ಎರಡೋ ತಿಳಿಯುವುದಿಲ್ಲ.
ತಿಳಿಯದಷ್ಟೇನೂ ಇರುವುದಿಲ್ಲ, ಬಿಡಿ.
ಎಣಿಸುವುದು ಕೊಂಕಣಿಯಲ್ಲಿ, ಸಹಿ ಹಾಕುವುದು ಕನ್ನಡದಲ್ಲಿ,
ಎರಡರಲ್ಲೂ ಕಡಿಮೆಯೇ ಬರುತ್ತದೆ.

ಗೋಡೆಯಾಚೆ ಇಸ್ಮೇನಿಯಾ ಬಾಯಿಗೆ ಕೇಳಿಸಿರಬೇಕು
ಸಿಲಿಂಡರ್ ಉರುಳಿದ ಸದ್ದು.
ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಸದ್ದು ಅದು.
ತನ್ನದನ್ನು ಅಂಚಿನ ಮೇಲೆ ತಿರುಗಿಸುತ್ತ ಹೊಸ್ತಿಲಿಗೆ ತಂದಳು.
"ಸ್ವಲ್ಪ ಇದೆ ಇದರಲ್ಲಿ. ತೂಗಿ ತಗೋ,
ನಿನ್ನದು ಬಂದಾಗ ತೂಗಿ ಕೊಡು.
ಉಪಕಾರ ಗಿಪಕಾರ ಬೇಡ ನಮ್ಮೊಳಗೆ."

ಮೀನು ತೂಗುವ ಕೊಕ್ಕೆಕಾಟಾವನ್ನು ಪಕಾಸಿಗೆ ಕಟ್ಟಿದೆ.
ಇಬ್ಬರೂ ಸೇರಿ ಎತ್ತಿ ಸಿಕ್ಕಿಸಿದೆವು.
ಮುಳ್ಳು ನಡುಗಿ ನಡುಗಿ ಹತ್ತೊಂಬತ್ತೂವರೆಗೆ ನಿಂತಿತು.
ಹಿಡಿಕೆಯ ಕೆಳಗೆ, ಬಣ್ಣ ಎದ್ದುಹೋದಲ್ಲಿ
ಅವಳು ಉಗುರಿನಿಂದ ಕೆರೆದು ಓದಿದಳು:
ಹದಿನೈದು ಕಿಲೋ ಮುನ್ನೂರು. ಇದು ಖಾಲಿ ತೂಕ,
ಕಬ್ಬಿಣದ್ದು ಕಬ್ಬಿಣಕ್ಕೆ.
ಉಳಿದದ್ದು ನಾಲ್ಕು ಕಿಲೋ ಇನ್ನೂರು, ನನ್ನ ಸಾಲ.
ಕ್ಯಾಲೆಂಡರಿನಲ್ಲಿ ಬರೆದೆ,
ಹಾಲಿನ ಲೆಕ್ಕ, ಮುಟ್ಟಿನ ದಿನ,
ಬ್ಯಾಂಕಿನಲ್ಲಿ ಮಲಗಿರುವ ನನ್ನ ಬಳೆಗಳ ಬಡ್ಡಿ, ಅವುಗಳ ಪಕ್ಕ.

ಅಷ್ಟರಲ್ಲಿ ಸ್ವಪ್ನಾಲಿ ಓಡಿಬಂದು ಕೊಕ್ಕೆಗೆ ಜೋತುಬಿದ್ದಳು,
ಕಾಲು ಮಡಚಿ, ಕಿಲಕಿಲ ನಗುತ್ತ, "ನನ್ನದೆಷ್ಟು?"
ಇಪ್ಪತ್ತೆರಡು.
ಜೂನಿನಲ್ಲಿ, ಬೋಟುಗಳು ದಡ ಹತ್ತಿದಾಗಲೂ ಅಷ್ಟೇ ಇತ್ತು.
ಇಸ್ಮೇನಿಯಾ ಬಾಯಿ ಮುಳ್ಳಿನ ಗಾಜನ್ನು ಬೆರಳಲ್ಲಿ ತಟ್ಟಿ ನೋಡಿದಳು.
ಮುಳ್ಳು ಕದಲಲಿಲ್ಲ. ನಾವೂ ಮಾತಾಡಲಿಲ್ಲ.

ಅನ್ನ ಬೆಂದಿತು.
ತಾರ್ಲೆಗೆ ಮುರುಗಲ ಸಿಪ್ಪೆ ಹಾಕಿದೆ, ಕಾಯಿ ಹಾಕಲಿಲ್ಲ.
ಮೊನ್ನೆ ಅಂಗಡಿಯಲ್ಲಿ ಕಾಯಿಯ ಬೆಲೆ ಕೇಳಿ,
ಆಚೆ ಬಂದು, ಮುನ್ಸಿಪಾಲಿಟಿಯ ತೆಂಗಿನಮರದ ಕೆಳಗೆ ನಿಂತು
ಒಬ್ಬಳೇ ನಕ್ಕಿದ್ದೆ.

ಹತ್ತು ಗಂಟೆಗೆ ಉಲ್ಲಾಸ ಬಂದ.
ಅರಗಾದ ಗೇಟಿಗೆ ಎರಡು ಬಾಡಿಗೆ, ಶಿರವಾಡ ಸ್ಟೇಷನ್ನಿಗೆ ಒಂದು,
ಬಾಕಿ ಸಮಯ ಪೇಪರು.
ತುತ್ತು ಕೈಯಲ್ಲೇ ಹಿಡಿದು ಮೂಗೆತ್ತಿದ:
"ಏನು, ಯಾರೋ ತೆಂಗಿನ ಸಿಪ್ಪೆ ಸುಡ್ತಿದಾರೆ?"

ಹಿಂಬಾಗಿಲಿಗೆ ಹೋದೆ.
ಬೇಲಿಯಾಚೆ ಮೂರು ಕಲ್ಲು, ನಡುವೆ ಹಸಿ ಹಸಿ ಸಿಪ್ಪೆ,
ಮೇಲೆ ಅವಳ ಪೇಜಿನ ಪಾತ್ರೆ.
ಕಣ್ಣೊರೆಸಿಕೊಳ್ಳುತ್ತ ಊದುತ್ತಿದ್ದವಳು
ನನ್ನ ನೆರಳು ಕಂಡು ಊದುಗೊಳವೆ ಬೆನ್ನ ಹಿಂದೆ ಇಟ್ಟಳು.
"ಸೊಳ್ಳೆ," ಅಂದಳು. "ಈ ವರ್ಷ ಭಾರೀ ಸೊಳ್ಳೆ."
"ಹೌದು," ಅಂದೆ, "ನಮ್ಮಲ್ಲೂ."

ಒಳಗೆ ಬಂದು
ಆಗಲೇ ಆರಿಸಿದ್ದ ಒಲೆಯ ರೆಗ್ಯುಲೇಟರನ್ನು
ಇನ್ನೊಮ್ಮೆ ತಿರುಗಿಸಿ ನೋಡಿದೆ.