ನಾಳೆಯ ರೊಟ್ಟಿ

ನಮ್ಮಪ್ಪ ಅಲ್-ಅರೀಶಿನ ಕಡಲಂಚಿಗೆ
ಸೆಪ್ಟೆಂಬರು ಬಂತೆಂದರೆ ಬಲೆ ಕಟ್ಟುತ್ತಿದ್ದ.
ರಾತ್ರಿಯಿಡೀ ಸಮುದ್ರ ದಾಟಿ ದಣಿದ ಲಾವಕ್ಕಿಗಳು
ಬೆಳಗಿನ ಜಾವಕ್ಕೆ ಬಂದು ಬೀಳುತ್ತಿದ್ದವು
ಕೈಚಾಚಿದರೆ ಸಿಗುವಷ್ಟು ಕೆಳಗೆ.
ಅದಕ್ಕೇ ಅಬೂನಾ ಬಿಶಾರಾ ಪ್ರಸಂಗದಲ್ಲಿ
ಪಾಳೆಯದ ಸುತ್ತ ಹಕ್ಕಿ ಸುರಿದ ಕತೆ ಹೇಳುವಾಗ
ಉಳಿದವರಿಗೆ ಪವಾಡ,
ನನಗೆ ಅಪ್ಪನ ಬೆವರಿನ ವಾಸನೆ.
ಅವನೊಮ್ಮೆ ಅಂದಿದ್ದ: ಮೊಹ್ರಾಯೀಲ್,
ಹಿಡಿಯುವುದು ಕಷ್ಟವಲ್ಲ ಮಗಳೇ,
ಸಾಕು ಅನ್ನುವುದು.

ಈಗ ಅಪ್ಪನೂ ಇಲ್ಲ, ಅರೀಶೂ ಇಲ್ಲ.
ಒಂದು ಚಳಿಗಾಲದ ನಸುಕಿನಲ್ಲಿ ಬಿಟ್ಟು ಬಂದೆವು
ನಾದಿದ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು,
ಹುಳಿ ಬರುವ ಮೊದಲೇ.
ಮಿನಿಬಸ್ಸಿನವನು ರೇಡಿಯೋ ಆರಿಸಿದ.
ಯಾರೂ ಕೆಮ್ಮಲಿಲ್ಲ.
ಇಸ್ಮಾಯಿಲಿಯಾದಲ್ಲಿ ಇಳಿದು ಜೇಬು ತಡವಿದರೆ
ಬೀಗದ ಕೈ ನನ್ನಲ್ಲಿ, ಬಾಗಿಲು ಅಲ್ಲಿ.

ಅವರು ನಡೆದದ್ದು ನೈಲಿನಿಂದ ಮರಳಿಗೆ,
ನಾನು ಮರಳಿನಿಂದ ನೈಲಿನ ಕಡೆಗೆ.
ಪ್ರಸಂಗದಲ್ಲಿ ಈಜಿಪ್ಟ್ ಅಂದರೆ ಪಾಪ,
ಹಿಂದಿರುಗಿ ನೋಡಬಾರದ ದೇಶ.
ಸ್ವಾಮಿ, ಇದು ನನ್ನ ದೇಶ!
ಅವರು ಕಣ್ಣೀರಿಟ್ಟು ನೆನೆದ ಸೌತೆ, ಕರ್ಬೂಜ,
ಈರುಳ್ಳಿ, ಬೆಳ್ಳುಳ್ಳಿ
ಉಮ್ಮ್ ಸಯ್ಯದಳ ಗಾಡಿಯಲ್ಲಿ ದಿನಾ ಸಿಗುತ್ತವೆ,
ಚೌಕಾಸಿ ಮಾಡಿ ಕೊಳ್ಳುತ್ತೇನೆ,
ಕೊಂಡು ಬಂದು ಗೊಣಗುತ್ತೇನೆ:
ಅರೀಶಿನ ಬೆಳ್ಳುಳ್ಳಿಯ ಘಾಟು ಇದಕ್ಕೆಲ್ಲಿ ಬರಬೇಕು?
ಒಂದು ದಿನ ಸಿಪ್ಪೆ ಸುಲಿಯುತ್ತ ಸುಲಿಯುತ್ತ ಹೊಳೆಯಿತು,
ಬಿಟ್ಟು ಬಂದದ್ದು ಯಾವ ಊರಾದರೂ
ನಾಲಿಗೆಗೆ ಅದೇ ಈಜಿಪ್ಟು.

ರೊಟ್ಟಿಗೆ ನಾವು ಐಶ್ ಅನ್ನುತ್ತೇವೆ, ಅಂದರೆ ಬದುಕು.
ಮೊದಲ ವರ್ಷ ನಾನು ಬದುಕನ್ನು ಬಚ್ಚಿಟ್ಟೆ:
ಮಂಚದಡಿ, ಟ್ರಂಕಿನಲ್ಲಿ, ದಿಂಬಿನ ಚೀಲದೊಳಗೆ.
ನಾಳೆ ಒಲೆ ಹೊತ್ತದಿದ್ದರೆ?
ನಾಳೆ ಮತ್ತೆ ಓಡಬೇಕಾಗಿ ಬಂದರೆ?
ಮಗ ವನ್ನಾಸ್ ಮೂಗು ಮುಚ್ಚಿಕೊಂಡ ಒಂದು ಬೆಳಿಗ್ಗೆ
ಎಳೆದು ನೋಡಿದೆ. ಹಸಿರು ಬೂಷ್ಟು.
ಬೂಷ್ಟಿನೊಳಗೆ ಮಿಸುಕುವ ಬಿಳಿ ಹುಳ.
ಶುಕ್ರವಾರದ ಧರ್ಮಪಾಠಕ್ಕೆ ಹೋಗುವ ಹುಡುಗ,
ಅವನಿಗೂ ಗೊತ್ತಿತ್ತು ಆ ಕತೆ,
ಬಾಯಿ ಬಿಡಲಿಲ್ಲ, ಪುಣ್ಯ.
ಆ ದಿನದ ಪ್ರಸಂಗ ಹುಳುವಿನದು.

ನಲವತ್ತು ವರ್ಷ ಅವರ ಕೆರ ಸವೆಯಲಿಲ್ಲವಂತೆ.
ವನ್ನಾಸನದು ನಾಲ್ಕು ತಿಂಗಳು ಬಾಳದು.
ಕಾಲುವೆ ಬೀದಿಯ ಮುದುಕ ಮೋಚಿ
ಹಳೇ ಟೈರಿನ ಚೂರು ಹಚ್ಚಿ ಹೊಲಿದ,
ದುಡ್ಡು ಚಾಚಿದರೆ ತಲೆಯಾಡಿಸಿದ.
ಸವೆಯದಿರುವುದೆಂದರೆ
ಹೀಗೂ ಇರಬಹುದು.

ಮೋಡ ಯಾವುದೂ ಮುಂದೆ ನಡೆಯುತ್ತಿಲ್ಲ.
ಮಹಡಿಯಿಂದ ಇರುಳಲ್ಲಿ ಕಾಣುವುದು ಹಡಗು:
ನೀರು ಕಾಣದು, ಮರಳ ಮೇಲೆ ತಾನಾಗಿ
ಜಾರುವ ಬೆಳಕಿನ ಗೋಪುರ.
ನನಗಾಗಿ ಅದು ನಿಲ್ಲುವುದಿಲ್ಲ.
ಎಷ್ಟೋ ರಾತ್ರಿ ಪ್ರಾರ್ಥನೆಯೂ ಬರುವುದಿಲ್ಲ,
ಹಿಟ್ಟು ಕಲಸಿಟ್ಟು ಮಲಗುತ್ತೇನೆ, ಅಷ್ಟೆ.

ಕೆಳಗಿನ ಕೋಣೆಗೆ ಸುಡಾನಿನಿಂದ ಬಂದಿದ್ದಾಳೆ ಅವಾದಿಯಾ,
ಮೂರು ಮಕ್ಕಳು, ಒಂದು ಚಾಪೆ.
ಅವಳ ಮನೆಗೂ ಒಂದು ಬೀಗದ ಕೈ ಇದ್ದೀತು, ಕೇಳಿಲ್ಲ.
ಮೊನ್ನೆ ಕರೆಂಟು ಹೋಗಿ
ನನ್ನ ರೊಟ್ಟಿ ಉಬ್ಬದೆ, ಒಂದು ಕಡೆ ಸೀದು,
ದೇವರಿಗೇ ಪ್ರೀತಿ ಅನ್ನುವಂತಾಗಿತ್ತು.
ನಾಚಿಕೆಯಿಂದಲೇ ನಾಲ್ಕು ಕೊಟ್ಟೆ.
ಕಿರಿಯವಳು ಎರಡೂ ಕೈಯಲ್ಲಿ ಎತ್ತಿ ಹಿಡಿದು
ಬೆಳಕಿಗೆ ತಿರುಗಿಸಿ ನೋಡಿ ಕೇಳಿದಳು:
ಇದೇನು?

ಮೆಟ್ಟಿಲ ಮೇಲೆ ಕುಸಿದು ನಕ್ಕೆ,
ಕಣ್ಣು ಒದ್ದೆಯಾಗುವವರೆಗೆ ನಕ್ಕೆ.
ಅದೇ ಹೆಸರು ಮಗಾ, ಆ ಬಯಲಲ್ಲೂ
ಮೊದಲ ದಿನ ಅವರಿಟ್ಟದ್ದು ಅದೇ ಹೆಸರು.
ತಿನ್ನು,
ಆರುವ ಮೊದಲು.