ಷಟರು ಮುಚ್ಚಿದ ಊರುಗಳು

ಬಾಕಿ ಸಂಬಳದ ಬದಲು ಬೇಕರಿಯವರು ವ್ಯಾನನ್ನೇ ಕೊಟ್ಟರು.
ಮೂವತ್ತೊಂದು ವರ್ಷ ಪಾಲಯ್ಯ ತಿರುವಿದ ಸ್ಟೇರಿಂಗು,
ಅವನ ಅಂಗೈಯಷ್ಟೇ ಸವೆದದ್ದು.
ಟ್ರೇ ಜೋಡಿಸುತ್ತಿದ್ದ ಕಬ್ಬಿಣದ ಚೌಕಟ್ಟಿಗೆ ಹಲಗೆ ಹೊಡೆಸಿ
ಕೌದಿ ಹಾಸಿದೆ. ಒಂದು ಸ್ಟೌ, ಎರಡು ಕೊಡ ನೀರು,
ರೊಟ್ಟಿ ಡಬ್ಬಿ, ಶೇಂಗಾ ಚಟ್ನಿಪುಡಿ, ನನ್ನ ಬಿ.ಪಿ. ಮಾತ್ರೆ.
ಎಷ್ಟು ತೊಳೆದರೂ ಹೋಗದ ಡಾಲ್ಡಾ, ಏಲಕ್ಕಿ ವಾಸನೆ.
ಪಕ್ಕದ ಮನೆಯ ಗಿರಿಜವ್ವ ಕೇಳಿದಳು, ಕಾಶಿಗೇನು?
ಅಲ್ಲ, ಜಗಳೂರಿಗೆ.
ನಕ್ಕಳು. ನಗಲಿ.

ಇವನು ದಿನಾ ಹೋಗುತ್ತಿದ್ದ ಊರುಗಳು ನನಗೆ ಬರೀ ಹೆಸರು.
ಲೆಕ್ಕದ ಪುಸ್ತಕದ ಎಡಗಡೆ
ಜಗಳೂರು ಇನ್ನೂರು, ದೊಡ್ಡೇರಿ ಎಪ್ಪತ್ತು, ತಳಕು ತೊಂಬತ್ತು;
ಬಲಗಡೆ, ವಾಪಸು ಬಂದ ಬನ್ನು.
ರಾತ್ರಿ ನಾವು ತಿನ್ನುತ್ತಿದ್ದದ್ದು ಆ ಬಲಗಡೆಯದ್ದನ್ನೇ.
ಹಾಗಾಗಿ ತಳಕು ಅಂದರೆ ನನ್ನ ಮನಸ್ಸಿನಲ್ಲಿ
ಸ್ವಲ್ಪ ಒಣಗಿದ ಊರು, ಅಂಚಿಗೆ ಬಿರುಕು ಬಿಟ್ಟದ್ದು,
ಚಹಾದಲ್ಲಿ ಅದ್ದಿದರೆ ಸರಿಹೋದೀತು.

ಜಗಳೂರು ಮುಟ್ಟಿದಾಗ ಹನ್ನೊಂದು ಗಂಟೆ.
ಇವನು ವ್ಯಾನು ನಿಲ್ಲಿಸಿ ಸುಮ್ಮನೆ ಕೂತ.
ಏನು? ಎಂದೆ.
ದಾರಿ ತಿಳೀವಲ್ದು, ಎಂದ.
ಮೂವತ್ತೊಂದು ವರ್ಷ!
ಇಷ್ಟೊಂದು ಅಂಗಡಿ, ಈ ಪಾಟಿ ಜನ,
ಬಿಸಿಲಲ್ಲಿ ಜೋತುಬಿದ್ದ ಪ್ಲಾಸ್ಟಿಕ್ ಕೊಡಗಳ ಬಣ್ಣ,
ಎಲ್ಲಿದ್ದವು ಇವೆಲ್ಲ?
ಇವನ ಜಗಳೂರಿಗೆ ಒಂದು ಬೀದಿದೀಪ,
ಏಳು ಷಟರು, ಮೂರು ನಾಯಿ.
ರಾತ್ರಿ ಒಂದಕ್ಕೆ ಮನೆ ಬಿಟ್ಟು, ಕತ್ತಲಲ್ಲೇ ಟ್ರೇ ಇಳಿಸಿ
ಬೆಳಗಾಗುವಷ್ಟರಲ್ಲಿ ಮುಂದಿನೂರು.
ಅಂಗಡಿಯವರ ಮುಖ ಕಂಡವನಲ್ಲ,
ಅವರ ಬೀಗದ ಮುಖ ಬಲ್ಲ.

ನಿಂತಲ್ಲೆಲ್ಲ ಜನ ಸೇರುತ್ತಾರೆ. ವ್ಯಾನು ಅಂದಮೇಲೆ
ಏನಾದರೂ ತಂದಿರಬೇಕು.
ಲಸಿಕೇನಾ? ಸಂಘದ ಕಂತಿಗಾ?
ಯಾವ ಪಕ್ಷದೋರು?
ಏನೂ ಇಲ್ಲಪ್ಪ, ನೋಡೋಕೆ ಬಂದಿದೀವಿ.
ಏನ್ ನೋಡೋಕೆ?
ನಿಮ್ಮೂರು.
ದೊಡ್ಡೇರಿಯಲ್ಲಿ ಒಬ್ಬ ಮುದುಕ ಹಿಂದಿರುಗಿ
ತನ್ನೂರನ್ನು ಒಮ್ಮೆ ದಿಟ್ಟಿಸಿದ,
ಮುಖಕ್ಕೆ ಏನಾದರೂ ಮೆತ್ತಿಕೊಂಡಿದೆಯೇನೋ ಎಂಬಂತೆ.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಯ ಗಾಳಿ
ನಮ್ಮ ಏಲಕ್ಕಿಯನ್ನು ಒಂದು ಗಳಿಗೆ ಸೋಲಿಸಿತು.
ಆಚೆ ಕಾವಲಿನ ಹುಲ್ಲು, ಕಣ್ಣು ಹಾಯುವ ತನಕ ಒಂದೇ ಕಂದು,
ಅದರ ನಡುವೆ ಕುರಿಯೊಂದು ಕೆಮ್ಮಿದ್ದೂ ಕೇಳುತ್ತದೆ.
ತಳಕಿನಲ್ಲಿ ಕೆಳಗಿಳಿದು ನಿಂತೆ. ಒಣಗಿದ ಊರೇನಲ್ಲ.
ಹೋಟೆಲಿನ ಹುಡುಗಿ ಕೇಳದೆಯೇ ನೀರು ತಂದಿಟ್ಟಳು.
ಇಷ್ಟು ವರ್ಷ ಅನ್ಯಾಯ ಮಾಡಿದೆನಲ್ಲ
ಅನ್ನಿಸಿತು, ಒಂದು ಊರಿಗೆ,
ಒಂದು ಬನ್ನಿನ ಮಾತು ಕೇಳಿ.

ಮೊಳಕಾಲ್ಮೂರಿನಲ್ಲಿ ರಾತ್ರಿ ತಂಗಿದೆವು.
ಯಾರದೋ ಮನೆಯ ಮಗ್ಗ ಹನ್ನೆರಡರವರೆಗೂ ಬಡಿದು
ಸುಮ್ಮನಾಯಿತು.
ಇನ್ನೂ ಕತ್ತಲಿರುವಾಗ ಇವನು ಎದ್ದ. ಬಾ, ಎಂದ.

ಆಗ ನಡೆದ ನೋಡಿ, ಮನೆಯ ಹಜಾರದಲ್ಲಿ ನಡೆಯುವ ಹಾಗೆ.
ಇದು ಗೌಸ್ ಸಾಬರದು, ಕೆಳಗೆ ಎರಡು ಬೆರಳು ಸಂದಿ,
ಇಲಿ ಬರ್ತಾವೆ, ಟ್ರೇ ಕಲ್ಲಿನ ಮೇಲೆ ಇಡಬೇಕು.
ಇಲ್ಲಿ ಮೆಟ್ಟಿಲು ಮುರಿದಿದೆ, ಹುಷಾರು.
ಇದು ಬೋರಕ್ಕಂದು. ದುಡ್ಡು ಕಾಗದದಾಗೆ ಸುತ್ತಿ
ಕಿಟಕಿ ಅಂಚಿಗೆ ಇಟ್ಟಿರ್ತಾಳೆ.
ಹತ್ತೊಂಬತ್ತು ವರ್ಷದಾಗೆ ಒಂದು ರೂಪಾಯಿ ತಪ್ಪಿಲ್ಲ.
ಹೆಂಗದಾಳೆ ನೋಡೋಕೆ?
ಯಾರಿಗ್ಗೊತ್ತು.

ಮಾತಾಡುತ್ತಲೇ ಕೈ ಕಿಟಕಿಗೆ ಹೋಯಿತು, ತಾನಾಗಿ.
ಬರೀ ಧೂಳು. ಬೇಕರಿ ಮುಚ್ಚಿ ನಾಲ್ಕು ತಿಂಗಳು.
ಬೆರಳು ಪಂಚೆಗೆ ಒರೆಸಿಕೊಂಡ.
ಒಳಗೆ ಮಂಚ ಕಿರ್ರೆಂದಿತು.
ಯಾರದು?
ಇವನು ತನ್ನ ಹೆಸರು ಹೇಳಲಿಲ್ಲ.
ಬನ್ನು, ಎಂದ.

ದೀಪ ಹತ್ತಿತು. ನಾನು ಸೆರಗು ಸರಿಮಾಡಿಕೊಂಡೆ.
ಷಟರು ಮೇಲೇಳತೊಡಗಿತು, ಅರ್ಧಕ್ಕೆ ಸಿಕ್ಕಿಕೊಳ್ಳುತ್ತ:
ಮೊದಲು ಎರಡು ಪಾದ, ಸವೆದ ಕಾಲುಂಗುರ,
ಆಮೇಲೆ ನೀಲಿ ಸೀರೆಯ ಅಂಚು
ಇವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.