ಎತ್ತು

ಎತ್ತು ಅನ್ನುವ ಮಾತಿಗೆ ನಮ್ಮ ಮನೆಯಲ್ಲಿ ಎರಡು ಅರ್ಥ.
ಒಂದಕ್ಕೆ ಕೊಂಬು,
ಇನ್ನೊಂದಕ್ಕೆ ಸೊಂಟನೋವು.

ಅಪ್ಪ, ಲಾಳ ಕಟ್ಟುವ ಬುಡನ್ ಸಾಬರು,
ಹಾಸನದ ಸಂತೆ ಮಗ್ಗುಲಿನ ಹುಣಸೆಮರದಡಿ
ಕಾಲಿಗೆ ಹಗ್ಗ ಸುತ್ತಿ ಒಂದೇ ಜಗ್ಗು ಜಗ್ಗಿದರೆ
ಎಂಥ ಹೋರಿಯೂ ದೊಪ್ಪೆಂದು ಮಣ್ಣಿಗೆ.
ಕೆಲಸವನ್ನು ಕೈಗೆಟುಕುವಲ್ಲಿಗೆ ಕೆಡವಿಕೊಳ್ಳುವುದು
ಅವರ ವಿದ್ಯೆ.
ನನ್ನದು ಉಲ್ಟಾ. ಡಿಪೋದ ಗುಂಡಿಯೊಳಕ್ಕೆ
ಮೂವತ್ತೊಂದು ವರ್ಷ ನಾನೇ ಇಳಿದೆ.
ಅರಸೀಕೆರೆ ಬಸ್ಸು, ಬೇಲೂರು ಬಸ್ಸು
ತಲೆಯ ಮೇಲೆ ನಿಂತು
ಹಣೆಗೆ ಹನಿಹನಿಯಾಗಿ ಎಣ್ಣೆ ಇಟ್ಟವು.

ಈಗ ಪೆನ್ಷನ್ ಮೊಹಲ್ಲಾದಲ್ಲಿ ಮನೆ
(ಪೆನ್ಷನ್ ಮಾತ್ರ ಹೇಳಿಕೊಳ್ಳುವಂಥದ್ದಲ್ಲ),
ಮನೆಗಂಟಿದ ತಗಡಿನ ಶೆಡ್ಡು, ಅದರೊಳಗೆ
ಎಂಬತ್ಮೂರರ ಯೆಜ್ಡಿ.
ಅದರ ಚೈನಿಗಿಂತ ನನ್ನ ಮಂಡಿಯ ಸದ್ದೇ ಜಾಸ್ತಿ.
ಕುಕ್ಕರಗಾಲಲ್ಲಿ ಕೂತರೆ ಏಳಲು
ಅದರ ಫುಟ್‌ರೆಸ್ಟನ್ನೇ ಹಿಡಿಯಬೇಕು.
ಯಾರು ಯಾರ ರಿಪೇರಿ ಮಾಡುತ್ತಿದ್ದೇವೋ!

ಬಿ.ಎಂ. ರಸ್ತೆಯ ಅಂಗಡಿಯಲ್ಲಿ
ಸಿದ್ದೇಶನೆಂಬ ಹುಡುಗ ಒಂದೊಂದೇ ತೋರಿಸಿದ.
ಕತ್ತರಿ ಜ್ಯಾಕು: ಅಗ್ಗ, ಮಂಚದಡಿ ತಳ್ಳಬಹುದು.
ಆದರೆ ಯೆಜ್ಡಿಯ ಹೊಟ್ಟೆಯಡಿ ಸೆಂಟರ್ ಸ್ಟ್ಯಾಂಡು,
ಎರಡೂ ಪಕ್ಕ ಸೈಲೆನ್ಸರು, ಎಲ್ಲಿಗೆ ಕೊಡಲಿ ತಲೆ?
ಹಿಂಗಾಲು ಮಾತ್ರ ಎತ್ತುವ ಪ್ಯಾಡಕ್ ಸ್ಟ್ಯಾಂಡು:
ಗಾಡಿ ಒಂದು ಗೇಣು ಏರುತ್ತದೆ,
ನಾನು ನೆಲದಲ್ಲೇ ಉಳಿಯುತ್ತೇನೆ.
ಮೂರನೆಯದು ಮೇಜಿನಂಥದ್ದು, ಕಾಲಲ್ಲಿ ತುಳಿದರೆ
ಎಣ್ಣೆಯ ಬಲಕ್ಕೆ ಎದ್ದು ನಿಲ್ಲುವಂಥದ್ದು.
"ಮುನ್ನೂರರವತ್ತು ಕೇಜಿ ಎತ್ತುತ್ತೆ ಅಂಕಲ್" ಅಂದ.
ನನ್ನ ಗಾಡಿ ನೂರನಲವತ್ತು.
ಉಳಿದದ್ದು ಯಾರಿಗೆ?

ನಾನು ಕೇಳಿದ್ದು ಬೇರೆ.
"ಇಳಿಯೋದು ಹೇಗಪ್ಪ?"
ಹುಡುಗ ತಬ್ಬಿಬ್ಬು. ಎಲ್ಲರೂ ಕೇಳುವುದು
ಎಷ್ಟು ಎತ್ತರ ಹೋಗುತ್ತೆ ಅಂತ.
ಡಿಪೋದಲ್ಲಿ ಕಂಡಿದ್ದೇನೆ, ರಾತ್ರಿ ಎತ್ತಿಟ್ಟ ಆಕ್ಸಲ್ಲು
ಬೆಳಗಾಗುವಷ್ಟರಲ್ಲಿ ಎರಡಿಂಚು ಕೂತಿದ್ದನ್ನು,
ಸೀಲು ಸೋರಿ, ಸದ್ದಿಲ್ಲದೆ.
ಎಣ್ಣೆ ಎತ್ತುತ್ತದೆ, ಹೊರುವುದು ಕಬ್ಬಿಣವೇ.
ಅಡ್ಡಗೂಟ ಎಲ್ಲಿ, ಹಲ್ಲು ಎಷ್ಟು,
ವಾಲ್ವು ಒಮ್ಮೆಗೇ ಬಿಟ್ಟುಕೊಡುತ್ತದೋ
ಇಷ್ಟಿಷ್ಟೇ ಬಿಡುತ್ತದೋ,
ಮೂರು ಸಲ ತುಳಿಸಿ, ಮೂರು ಸಲ ಇಳಿಸಿ ನೋಡಿದೆ.
ನಾಲ್ಕನೆಯದಕ್ಕೆ ಹುಡುಗ ಚಹಾ ತರಿಸಿದ.

ಮನೆಯಲ್ಲಿ ಅಳತೆ. ಶೆಡ್ಡು ಒಂಬತ್ತಡಿ,
ಮೇಜು ಏಳೂಕಾಲು, ಹತ್ತಿಸುವ ಹಲಗೆ ಎರಡು.
ಅಂದರೆ ಬಾಗಿಲು ಮುಚ್ಚಬೇಕೆಂದರೆ ನಾನು ಹೊರಗೆ.
ಮೆಹರ್ ಟೇಪಿನ ಆ ತುದಿ ಹಿಡಿದಿದ್ದಳು.
ಏನೂ ಅನ್ನದೆ ಒಳಗೆ ಹೋಗಿ
ಒಂದು ಚೊಂಬು ನೀರು ತಂದು ನೆಲಕ್ಕೆ ಸುರಿದಳು.
ನೀರು ಒಂದು ಕ್ಷಣ ಯೋಚಿಸಿ
ಬಚ್ಚಲ ಕಡೆ ನಡೆಯಿತು.
"ನಿಮ್ಮ ಮೇಜೂ ಹಿಂಗೇ ಹೋಗತ್ತೆ" ಅಂದಳು.
ನಾಲ್ಕು ದಿನ ಸಿಮೆಂಟಿನ ಕೆಲಸ.
ಹಲಗೆಗೆ ಬಿಜಾಗರಿ.
ಅವಳ ಹಳೆ ಕಪಾಟು ಮಹಡಿಗೆ, ಅದರ ಮಾತು ಬೇಡ.

ಶುಕ್ರವಾರ ನಮಾಜು ಮುಗಿಸಿ ಬಂದು ತುಳಿದೆ.
ಮುಂಚಕ್ರ ಇಕ್ಕಳದಲ್ಲಿ, ಪಟ್ಟಿ ಎರಡೂ ಬಿಗಿ,
ಯೆಜ್ಡಿ ಗಿಣಿಹಸಿರು ಹೊಟ್ಟೆ ತೋರಿಸುತ್ತ ಏರಿತು.
ಗೇರ್ ಆಯಿಲಿನ ತಿರುಪು ನನ್ನ ಎದೆಯ ನೇರಕ್ಕೆ.
ನಲವತ್ತು ವರ್ಷದಲ್ಲಿ ಮೊದಲ ಸಲ
ಅದರ ಮುಂದೆ ನೆಟ್ಟಗೆ ನಿಂತಿದ್ದೆ.
ಫ್ರೇಮಿನಡಿ ಒಂದು ಬೆಸುಗೆಯ ಗಾಯ,
ಯಾರು ಯಾವಾಗ ಹಾಕಿದ್ದೋ,
ನನಗೆ ಗೊತ್ತೇ ಇರಲಿಲ್ಲ.

ಲಾಳ ಹೊಡೆದಾದ ಮೇಲೆ ಅಪ್ಪ ಹಗ್ಗ ಸಡಿಲಿಸಿದರೂ
ಹೋರಿ ತಟ್ಟನೆ ಏಳುತ್ತಿರಲಿಲ್ಲ.
ಬಿಡುಗಡೆಯನ್ನು ನಂಬಲು ಅದಕ್ಕೆ ಹೊತ್ತು ಬೇಕು.
ಪಕ್ಕೆ ತಟ್ಟಿ, ಹ್ಞಾ, ಅನ್ನುತ್ತಿದ್ದರು.
ಸಂಜೆ ಅಡ್ಡಗೂಟ ತೆಗೆದು
ವಾಲ್ವನ್ನು ಕಾಲು ಸುತ್ತು ತಿರುಗಿಸಿದೆ.
ಗಾಡಿ ನಿಧಾನಕ್ಕೆ, ಉಸಿರು ಬಿಡುತ್ತ, ನೆಲಕ್ಕೆ ಬಂತು.
ಕೈ ತಾನಾಗಿ ಟ್ಯಾಂಕು ತಟ್ಟಿತು.
ಹ್ಞಾ.